ಮೂರು ನಗ ತೊಗರಿ

ವಿಮಾನ ಇಳಿಯುವ ಪಟ್ಟಿಯ ಮೇಲೆ ಸುಣ್ಣದ ಗೆರೆ ಎಳೆಯುವುದನ್ನು ಜುನೈದನಿಗೆ ಯಾರೂ ಕಲಿಸಿರಲಿಲ್ಲ. ಎಂಟನೇ ಇಯತ್ತೆಗೇ ಶಾಲೆ ಬಿಟ್ಟವನು ಅವನು. ಶಾಲೆಯಲ್ಲಿದ್ದಷ್ಟು ದಿನ ಮಾಸ್ತರರು ಅವನ ಕೈಯಲ್ಲಿ ಖೋ-ಖೋ ಅಂಗಳಕ್ಕೆ ಸುಣ್ಣ ಹಾಕಿಸುತ್ತಿದ್ದರು. ಅಲ್ಲಿಂದ ಅವನು ಹೊತ್ತು ತಂದ ವಿದ್ಯೆ ಅದೊಂದೇ. ಬೀದರ ಹತ್ತಿರದ ಕೊಳಾರದ ಕಾರ್ಖಾನೆಗಳಲ್ಲಿ ಆರು ವರ್ಷ ಪಂಪು, ಜನರೇಟರು ಬಿಚ್ಚಿ ಜೋಡಿಸಿ ಕೈ ಪಳಗಿದ ಮೇಲೆ, ಭಾಲ್ಕಿಯಿಂದ ಔರಾದಕ್ಕೆ ಹೋಗುವ ರಸ್ತೆಯ ಬದಿಗೆ ಹೊಸದಾಗಿ ಎದ್ದ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಮೆಕ್ಯಾನಿಕನಿಗೆ ಸಹಾಯಕನಾಗಿ ಸೇರಿದ. ಮೂರೇ ತಿಂಗಳಿಗೆ ಮೆಕ್ಯಾನಿಕ ಬಿಟ್ಟುಹೋದ. ಹೊಸಬನನ್ನು ತರುವ ಬದಲು ಮಾಲೀಕ ವಿಶ್ವಾಸರಾವ್ ಜುನೈದನಿಗೇ ಒಂದು ನೀಲಿ ಅಂಗಿ ಹೊಲಿಸಿಕೊಟ್ಟ. ಆವತ್ತಿನಿಂದ ಜುನೈದನೇ ಮೆಕ್ಯಾನಿಕ.

ದಿನಾ ಬೆಳಿಗ್ಗೆ ಪಟ್ಟಿಗೆ ಅಡ್ಡಲಾಗಿ ಒಂದು ಗೆರೆ ಎಳೆಯುವನು. ವಿದ್ಯಾರ್ಥಿ ವಿಮಾನ ಇಳಿಸಿದ ಕೂಡಲೇ ಹೋಗಿ ಗಾಲಿಯ ಮುಂದೆ ಕುಕ್ಕರುಗಾಲಲ್ಲಿ ಕೂರುವನು. ಗೆರೆಗಿಂತ ಮೊದಲೇ ಇಳಿದು ಉರುಳುತ್ತ ಬಂದ ಗಾಲಿಗೆ ಸುಣ್ಣದ ತೆಳುವಾದ ಗೀರು ಹತ್ತಿರುತ್ತದೆ. ಗೆರೆ ದಾಟಿ ಇಳಿದದ್ದಕ್ಕೆ ಏನೂ ಇರುವುದಿಲ್ಲ. ಗೆರೆಯ ಮೇಲೆಯೇ ಇಳಿದರೆ ಮಾತ್ರ ಗಾಲಿ ಒಂದು ಗಳಿಗೆ ಉಜ್ಜಿಕೊಂಡು ಹೋಗಿ ಅಂಗೈ ಅಗಲದ ಬಿಳಿ ಮಚ್ಚೆ ಬೀಳುತ್ತದೆ. ನೋಡಿ, ಒದ್ದೆ ಬಟ್ಟೆಯಿಂದ ಒರೆಸಿ, ಮುಂದಿನವರಿಗೆ ಬಿಡುವನು.

ಕಲಿಸುವ ಕ್ಯಾಪ್ಟನ್ ಹೈದರಾಬಾದಿನವರು. ಮಂಗಳವಾರ, ಶುಕ್ರವಾರ ಬರುತ್ತಾರೆ ಎಂದು ಗೋಡೆಯ ಮೇಲೆ ಬರೆದಿತ್ತು. ಬಂದ ದಿನ ಎಸಿ ಕೋಣೆಯಲ್ಲಿ ಕೂತು, ವಿದ್ಯಾರ್ಥಿಗಳ ಹಾರಾಟದ ಪುಸ್ತಕಗಳನ್ನು ಮುಂದೆ ಒಟ್ಟಿಸಿಕೊಂಡು, ಮುಖ ನೋಡದೆ ಸಹಿ ಹೊಡೆದು, ಬಿಸಿಲೇರುವ ಮೊದಲು ಕಾರು ಹತ್ತುತ್ತಿದ್ದರು. ಹೀಗಾಗಿ ತಾವು ಹೇಗೆ ಹಾರಿಸಿದೆವು ಎಂದು ತಿಳಿಯಬೇಕಾದ ಹುಡುಗರು ಕ್ಯಾಪ್ಟನ್‌ನ ಕೋಣೆಗೆ ಹೋಗುತ್ತಿರಲಿಲ್ಲ, ಗಾಲಿಯ ಹತ್ತಿರ ಬಂದು ನಿಲ್ಲುತ್ತಿದ್ದರು.

“ಮಚ್ಚಿ ಬಂತೇನ್ ಜುನೈದ ಭಾಯ್?”

“ಎಲ್ಲಿ ಮಚ್ಚಿ? ಗೆರಿ ದಾಟಿ ನೂರು ಮಾರು ಮುಂದ ಇಳದಿ. ಇನ್ನೊಂದು ಸ್ವಲ್ಪ ಜೋರ ಮಾಡಿದ್ರ ಕಮಲನಗರದಾಗ ಇಳಿತಿದ್ದಿ, ಚಹಾ ಕುಡದು ಬರಬಹುದಿತ್ತು.”

ದಿನವೂ ಮಚ್ಚೆ ಬೀಳುತ್ತಿದ್ದದ್ದು ವಿಶಾಖಾಳ ಗಾಲಿಗೆ. ಭಾಲ್ಕಿಯ ಹುಡುಗಿ, ತಂದೆ ಕಾಶೀರಾಮ ಬಸ್ ಕಂಡಕ್ಟರ್. ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಕಲಿಯಲು ಬಂದವಳು. ನಲವತ್ತೆಂಟು ಕಿಲೋದ ಜೀವ, ಮುಂದಿನದು ಕಾಣಲೆಂದು ಸೀಟಿನ ಮೇಲೆ ಮನೆಯಿಂದ ತಂದ ದಿಂಬು ಹಾಕಿಕೊಂಡು ಕೂರುತ್ತಿದ್ದಳು. ದಿಂಬಿಗೆ ನಕ್ಕವರೆಲ್ಲ ಮಚ್ಚೆ ನೋಡಿ ಬಾಯಿ ಮುಚ್ಚಿದ್ದರು.

ಫೆಬ್ರುವರಿಯಲ್ಲಿ ಒಂದು ದಿನ ವಿಶ್ವಾಸರಾವ್ ಜುನೈದನನ್ನು ಕರೆಸಿದ. ಕುರ್ಚಿ ತೋರಿಸಿ ಕೂರು ಅಂದ. ಅದೇ ಮೊದಲು.

“ನಮ್ಮ ಪೋರರಾಗ ಖರೇ ಖರೇ ಛಂದ ಹಾರಸೋರು ಯಾರೋ?”

ಜುನೈದನ ಎದೆ ಉಬ್ಬಿತು. ಇಪ್ಪತ್ನಾಲ್ಕು ವರ್ಷದಲ್ಲಿ ಅವನನ್ನು ಯಾರೂ ‘ನಿನ್ನ ಅಭಿಪ್ರಾಯ ಏನು’ ಎಂದು ಕೇಳಿರಲಿಲ್ಲ. ಕೆಲಸ ಹೇಳಿದ್ದರು, ಬೈದಿದ್ದರು, ಅಷ್ಟೇ.

“ವಿಶಾಖಾರಿ ಸಾಹೇಬ್ರ. ಆಕಿ ಇಳಸಿದ್ರ ಗಾಲಿಗೂ ಗೊತ್ತಾಗಂಗಿಲ್ರಿ.”

“ಆಕಿ ಬಿಟ್ರ?”

“ಔರಾದಿನ ಹುಡುಗ ಗೌರವ ಅದಾನ್ರಿ. ಆದ್ರ ಅಡ್ಡಗಾಳಿ ಬಂತಂದ್ರ ಎಡಕ್ಕ ಜಾರ್ತಾನ್ರಿ. ಆತಗ ಇನ್ನಾ ಟೈಮ್ ಬೇಕು.”

“ಭೇಷ್! ಆ ಕ್ಯಾಪ್ಟನ್‌ಗಿಂತ ನಿನಗ ಛಲೋ ಗೊತ್ತದ ನೋಡು,” ಎಂದು ವಿಶ್ವಾಸರಾವ್ ಅವನ ಬೆನ್ನು ತಟ್ಟಿದ.

ಆ ತಟ್ಟಿದ ಜಾಗ ಜುನೈದನಿಗೆ ಆಮೇಲೆ ಎಷ್ಟೋ ದಿನ ಉರಿಯಿತು. ಆದರೆ ಆವತ್ತು ಅವನು ಮನೆಗೆ ಹೋಗಿ ಅದನ್ನು ಎರಡು ಸಲ ಹೇಳಿಕೊಂಡ.

ವಿಶ್ವಾಸರಾವ್ ಕೇಳಿದ್ದು ಬೇರೆ ಕೆಲಸಕ್ಕೆ. ಭಾನುವಾರಕ್ಕೊಮ್ಮೆ ‘ಆಕಾಶ ದರ್ಶನ’ ಶುರುಮಾಡಿದ್ದ. ಮದುವೆಯಾದ ಜೋಡಿ, ಮೊಮ್ಮಗನ ಹುಟ್ಟುಹಬ್ಬದ ಅಜ್ಜ, ಚುನಾವಣೆ ಗೆದ್ದವರು, ಯಾರು ಬಂದರೂ ವಿಮಾನದಲ್ಲಿ ಕೂರಿಸಿ ಹತ್ತು ನಿಮಿಷ ಸುತ್ತಿಸುವುದು. ಅದಕ್ಕೆ ಲೈಸೆನ್ಸ್ ಇದ್ದ ಪೈಲಟ್ ಬೇಕು; ಪೈಲಟ್ ಇಡಲು ಖರ್ಚಾಗುತ್ತದೆ. ವಿದ್ಯಾರ್ಥಿಗಳು ಪುಕ್ಕಟೆ.

ವಿಶಾಖಾ ಒಪ್ಪಲಿಲ್ಲ. “ಸರ್, ನಂದು ಇನ್ನಾ ಕಲಿಯೋರ ಪರವಾನಗಿ ಅದರಿ. ಒಬ್ಬಾಕೀನೇ ಹಾರಬೇಕು. ಮಂದಿನ ಕೂಡಸ್ಕೊಂಡ್ರ ತಪ್ಪಾಗತದ್ರಿ.”

“ಆಕಾಶದಾಗೇನು ಪೊಲೀಸ ಚೌಕಿ ಅದೇನವ್ವ? ಬೀದರ ಕಡಿ ಒಂದು ತಿರಗಬ್ಯಾಡ, ಅಲ್ಲಿ ಮಿಲಿಟ್ರಿಯವರ ಆಕಾಶ. ಈ ಕಡಿ ಔರಾದ, ಆ ಕಡಿ ಕಾರಂಜಾ ಡ್ಯಾಮ್, ತಿರಗಿ ಮನಿಗೆ. ನಿನ್ನ ಪರೀಕ್ಷಾದ ಕಾಗದ ನನ್ನ ಟೇಬಲ್ ಮ್ಯಾಲೇ ಅದ. ಜೂನ್ ತಿಂಗಳಾಗ ಪರೀಕ್ಷಾಕ್ಕ ಹೋಗೋದು ಅದನೋ ಇಲ್ಲೋ?”

ಹೊರಗೆ ಬಂದವಳು ನೇರ ಜುನೈದನ ಮುಂದೆ ನಿಂತಳು. “ನನ್ನ ಹೆಸರ ಹೇಳಿದವ ನೀನೇ ಅಂತ?”

“ಛಲೋ ಹಾರಸ್ತಿ, ಛಲೋ ಅಂದೆ. ಸುಳ್ಳೇನು?”

“ನಾ ಛಲೋ ಹಾರಸ್ತೇನಿ ಅಂತ ನನಗೂ ಗೊತ್ತದ ಭಾಯ್. ಅದು ಕ್ಯಾಪ್ಟನ್ ನೋಡಿ, ಪರೀಕ್ಷಾ ಆಗಿ, ಕಾಗದದ ಮ್ಯಾಲ ಬರಬೇಕು. ಆಮ್ಯಾಲ ಮಂದಿ ಜೀವ. ನೀ ಹೇಳಿದ್ರ ಆಗತದೇನು?”

ಜುನೈದನಿಗೆ ಸಿಟ್ಟು ಬಂತು. ತಾನು ಹೇಳಿದರೆ ಯಾಕೆ ಆಗಬಾರದು? ಸಹಿ ಹೊಡೆಯುವ ಕ್ಯಾಪ್ಟನ್ ಒಂದು ದಿನವಾದರೂ ಗಾಲಿ ಮುಟ್ಟಿ ನೋಡಿದ್ದಾನೆಯೇ? ಬೇಸಿಗೆಯ ಹೊತ್ತಿಗೆ ಅವಳು ಮೂರು ಭಾನುವಾರ ಮಂದಿಯನ್ನು ಕೂರಿಸಿಕೊಂಡು ಹಾರಿದ್ದಳು. ಮೂರು ಸಲವೂ ಮಚ್ಚೆ ಬಿದ್ದಿತ್ತು.

ನಾಲ್ಕನೆಯದು ಮೇ ತಿಂಗಳ ಭಾನುವಾರ. ಔರಾದಿನ ಒಬ್ಬ ಗುತ್ತೇದಾರ ಹೊಸ ಬಂಗಲೆ ಕಟ್ಟಿಸಿದ್ದ. ವಾಸ್ತುಶಾಂತಿಯ ದಿನ ತನ್ನ ಬಂಗಲೆಯ ಮೇಲೆ ತಾನೇ ಮೇಲಿನಿಂದ ಹೂ ಸುರಿಯಬೇಕೆಂಬ ಹುಕಿ ಅವನಿಗೆ. ಜೊತೆಗೆ ಹೆಂಡತಿ, ಅಳಿಯ. ಮೂವರೂ ಉಂಡುಟ್ಟು ಬೆಳೆದ ಮೈಯವರು. ಹತ್ತುವವರನ್ನು ತೂಗಿ ನೋಡುವ ಕ್ಲಬ್ಬಿನ ತಕ್ಕಡಿ ಆವತ್ತೇ ಕೆಟ್ಟಿತು.

“ನಿಮ್ಮಪ್ಪ ಗಂಜದಾಗ ತೂಕದವ ಅಲ್ಲೇನೋ? ತಕ್ಕಡಿ ಸಮೇತ ಕರಕೊಂಡು ಬಾ,” ಅಂದ ವಿಶ್ವಾಸರಾವ್.

ಜುನೈದನ ತಂದೆ ನಿಜಾಮೋದ್ದೀನ ಭಾಲ್ಕಿಯ ಗಂಜ್ ಮಾರುಕಟ್ಟೆಯಲ್ಲಿ ಮೂವತ್ತೊಂದು ವರ್ಷದಿಂದ ತೊಗರಿ, ಕಡಲೆ, ಉದ್ದು ತೂಗಿದವನು. ತೂಕದವರಿಗೆ ಮಾರುಕಟ್ಟೆ ಸಮಿತಿ ಕೊಡುವ ಲೈಸೆನ್ಸನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದ. ಮಗನ ವಿಮಾನ ನೋಡುವ ಸಂಭ್ರಮಕ್ಕೆ ಈದ್ ಹಬ್ಬದ ಅಂಗಿ ಹಾಕಿಕೊಂಡು, ಆಟೋದಲ್ಲಿ ಕಬ್ಬಿಣದ ತಕ್ಕಡಿ ಹೇರಿಕೊಂಡು ಬಂದ. ಕ್ಯಾಪ್ಟನ್ ಊರಲ್ಲಿರಲಿಲ್ಲ, ಮೆಕ್ಯಾನಿಕನಿಗೆ ಕಾಗದವಿರಲಿಲ್ಲ, ಹಾರಿಸುವವಳಿಗೆ ಮಂದಿ ಕೂರಿಸುವ ಪರವಾನಗಿ ಇರಲಿಲ್ಲ. ಆ ಮೈದಾನದಲ್ಲಿ ಲೈಸೆನ್ಸ್ ಇದ್ದ ಮನುಷ್ಯ ಅವನೊಬ್ಬನೇ.

“ಹಾರಸೋಾಕಿನ ಬಿಟ್ಟು ಮಂದಿ, ಸಾಮಾನು ಎಲ್ಲಾ ಕೂಡಿ ಎರಡನೂರಾ ಎಪ್ಪತ್ತು ಕಿಲೋ ದಾಟಬಾರದು ಅಬ್ಬಾ. ಬಿಸಿಲು ಬಾಳ ಅದ, ವಿಮಾನ ಏಳಂಗಿಲ್ಲ,” ಎಂದು ಹೇಳಿ ಜುನೈದ ಪಟ್ಟಿಗೆ ಸುಣ್ಣ ಹಾಕಲು ಹೋದ. ವಾಪಸು ಬಂದಾಗ ಮೊಬೈಲುಗಳನ್ನೆಲ್ಲ ತಟ್ಟೆಯಲ್ಲಿ ಇಡಿಸಿಕೊಂಡಾಗಿತ್ತು. ಮಷೀನಿಗೆ ತೊಂದರೆ ಎಂದು ವಿಶ್ವಾಸರಾವ್ ದಿನಾ ಹೇಳುವ ಮಾತು ಅದು. ಅಸಲಿಗೆ ಫೋಟೊ ತೆಗೆಯಬಾರದು, ಅಷ್ಟೇ. ಮೂವರೂ ಹತ್ತಿ ಕೂತಿದ್ದರು. ಹಿಂದೆ ಚೆಂಡುಹೂವಿನ ಚೀಲ.

“ಎಷ್ಟಾತು ಅಬ್ಬಾ?”

“ಬರೋಬ್ಬರಿ ಎರಡನೂರಾ ಎಪ್ಪತ್ತು. ಒಂದು ಗುಂಜಿ ಹೆಚ್ಚಿಲ್ಲ.”

ಜುನೈದ ಹೆಬ್ಬೆರಳು ಎತ್ತಿ ತೋರಿಸಿದ. ವಿಶಾಖಾ ಒಳಗಿನಿಂದ ತಲೆ ಆಡಿಸಿದಳು.

ಮಧ್ಯಾಹ್ನ ಎರಡು ಗಂಟೆ. ವಿಮಾನ ಓಡಿತು. ಅರ್ಧ ಪಟ್ಟಿಗೆ ಏಳಬೇಕಾದದ್ದು ಏಳಲಿಲ್ಲ. ಮುಕ್ಕಾಲು ಪಟ್ಟಿಯಾಯಿತು. ಇಂಜಿನ್ನಿನ ದನಿ ಸರಿಯಿದೆ, ಗಾಳಿ ಎದುರಿಗಿದೆ, ಆದರೂ ಅದು ಒಕ್ಕಲಿಗನ ಗಾಡಿಯಂತೆ ನೆಲಕ್ಕೆ ಅಂಟಿಕೊಂಡೇ ಓಡುತ್ತಿದೆ. ನಿಲ್ಲಿಸಲು ಜಾಗ ಮುಗಿದಿತ್ತು. ಕೊನೆಯ ಅಂಚಿನಲ್ಲಿ ಎದ್ದಿತು. ಎಡಗಾಲಿ ಬೇಲಿಯ ಕಲ್ಲುಕಂಬಕ್ಕೆ ಬಡಿಯಿತು. ಆ ಸಪ್ಪಳ ಜುನೈದನ ಹಲ್ಲಿನವರೆಗೂ ಬಂತು.

ವಿಮಾನ ಬೀಳಲಿಲ್ಲ. ಹೊಲಗಳ ಮೇಲೆ ಒಂದು ಮಾರು ಎತ್ತರದಲ್ಲಿ ತೇಲುತ್ತ ಹೋಗಿ, ಅಂಗುಲ ಅಂಗುಲ ಮೇಲೇರಿ, ಮೆಲ್ಲಗೆ ತಿರುಗಿತು. ಎಡಗಾಲಿ ಮುರಿದ ಕಾಲಿನಂತೆ ಜೋತಾಡುತ್ತಿತ್ತು. ಕ್ಲಬ್ಬಿನ ವಾಕಿಟಾಕಿಯಲ್ಲಿ ಅವಳ ದನಿ ಬಂತು: “ಭಾಯ್, ಎಡಗಾಲಿ ಹೋಗ್ಯಾದೇನು?”

“ಹೋಗ್ಯಾದ.”

“ಗೆರಿ ಹಿಂದ ಹಾಕು. ಪಟ್ಟಿ ಪೂರಾ ಬೇಕು ನನಗ. ದಪ್ಪ ಹಾಕು, ಕಾಣಬೇಕು.”

ಜುನೈದ ಸುಣ್ಣದ ಬುಟ್ಟಿ ಹಿಡಿದು ಓಡಿದ. ಪಟ್ಟಿಯ ತುದಿಯಿಂದ ಐವತ್ತು ಮಾರು ಬಿಟ್ಟು ಕೈಯಿಂದಲೇ ಸುರಿದ. ಎರಡು ಗೇಣು ಅಗಲದ ಗೆರೆ. ಅವಳು ಬಂದಳು. ಎಡರೆಕ್ಕೆ ಎತ್ತಿ ಹಿಡಿದು, ಬಲಗಾಲಿಯೊಂದನ್ನೇ ಆ ಬಿಳಿಯ ಮೇಲೆ ಇಟ್ಟಳು. ಒಂದೇ ಗಾಲಿಯ ಮೇಲೆ ಓಡಿತು ವಿಮಾನ, ಓಡಿತು, ವೇಗ ಸಾಯುವ ತನಕ ಅವಳು ಎಡಗಡೆಯನ್ನು ನೆಲಕ್ಕೆ ಬಿಡಲೇ ಇಲ್ಲ. ಕೊನೆಗೆ ಮೆಲ್ಲಗೆ ಒರಗಿತು. ರೆಕ್ಕೆಯ ತುದಿ ಉಜ್ಜಿತು, ಮುಂದಿನ ಪಂಖ ಮಣಿಯಿತು, ಹಿಂದಿನ ಚೀಲ ಬಿಚ್ಚಿ ಪಟ್ಟಿಯ ತುಂಬ ಚೆಂಡುಹೂ ಚೆಲ್ಲಿದವು. ಗುತ್ತೇದಾರನ ಹೆಂಡತಿಗೆ ಬಳೆ ಒಡೆದು ಮಣಿಕಟ್ಟು ಕೊಯ್ದಿತ್ತು. ಗುತ್ತೇದಾರ ಇಳಿದು ವಾಂತಿ ಮಾಡಿಕೊಂಡ. ಅಷ್ಟೇ. ಸತ್ತವರಿಲ್ಲ.

ವಿಶ್ವಾಸರಾವ್ ಪೊಲೀಸ್ ಕೇಸು ಎಂದೇನೋ ಕಿವಿಯಲ್ಲಿ ಹೇಳಿದ ಮೇಲೆ ಹತ್ತು ನಿಮಿಷದಲ್ಲಿ ಗುತ್ತೇದಾರನ ಕಾರು ಹೋಯಿತು. ವಿಶ್ವಾಸರಾವ್ ಜುನೈದನ ಕೈಗೆ ಕಸಬರಿಗೆ ಕೊಟ್ಟು, “ಹೂವ ಬಳದು ಹಾಕಪ್ಪ, ಹೊಲಸು ಕಾಣ್ತದ,” ಅಂದ. ಕೈಗೆ ಒಂದು ಕೆಲಸ ಸಿಕ್ಕಿದ್ದೇ ಸಾಕೆನ್ನಿಸಿ ಜುನೈದ ಒಂದು ಎಸಳೂ ಬಿಡದಂತೆ ಬಳಿದು, ಗುಂಡಿಗೆ ಹಾಕಿ, ಮಣ್ಣು ಎಳೆದ. ಬಲಗಾಲಿಯಲ್ಲಿ ಅಂಗೈ ಅಗಲದ ಮಚ್ಚೆ ಇತ್ತು. ಅದನ್ನು ಮಾತ್ರ ಒರೆಸಲಿಲ್ಲ. ಯಾಕೋ ಗಾಲಿ ಬಿಚ್ಚಿ ಬದಿಗಿಟ್ಟ.

ಸೋಮವಾರ ತಿಳಿಯಿತು, ಅವನು ಬಳಿದದ್ದು ಕಸವಲ್ಲ ಎಂದು. ಕ್ಲಬ್ಬಿನವರು ವಿಮಾನಯಾನ ಇಲಾಖೆಯ ಮೇಲಿನವರಿಗೆ ಬರೆದುಕೊಟ್ಟಿದ್ದರು: ವಿದ್ಯಾರ್ಥಿನಿ ವಿಶಾಖಾ ಒಬ್ಬಳೇ ಅಭ್ಯಾಸಕ್ಕೆ ಹೋಗಿದ್ದಳು, ಹಾರಿಸುವುದರಲ್ಲಿ ತಪ್ಪು ಮಾಡಿ ಬೇಲಿಗೆ ಬಡಿದಳು. ವಿಮಾನದಲ್ಲಿ ಬೇರೆ ಯಾರೂ ಇರಲಿಲ್ಲ. ಗುರುವಾರ ಬೀದರದ ಪ್ರವಾಸಿ ಮಂದಿರದಲ್ಲಿ ವಿಚಾರಣೆ. ಪರವಾನಗಿ ಉಳಿಯುತ್ತದೋ ಹೋಗುತ್ತದೋ ಅಲ್ಲಿ ತೀರ್ಮಾನ.

ಮಂಗಳವಾರ ಬೆಳಿಗ್ಗೆ ಜುನೈದ ತಂದೆಯ ಮುಂದೆ ಕೂತ. ಮನೆಯ ಮಾತು ದಖನಿ ಉರ್ದು. ಆದರೆ ತೂಕದ ವಿಷಯ ಬಂದರೆ ನಿಜಾಮೋದ್ದೀನನ ಬಾಯಿಗೆ ಗಂಜ್ ಮಾರುಕಟ್ಟೆಯ ಕನ್ನಡವೇ ಬರುತ್ತಿತ್ತು.

“ಅಬ್ಬಾ, ಎರಡನೂರಾ ಎಪ್ಪತ್ತು ಅಂದ್ರ ವಿಮಾನ ಏಳಬೇಕಿತ್ತು. ತಕ್ಕಡಿ ತಪ್ಪಿತ್ತೇನು?”

“ನನ್ನ ತಕ್ಕಡಿ ತಪ್ಪತದೇನೋ? ಚೀಟಿ ಬರದೀನಿ, ನೋಡು.” ಅಡತಿ ಅಂಗಡಿಯ ಚೀಟಿ ಪುಸ್ತಕ ತೆಗೆದ. “ಮೂರು ನಗ. ನೂರಾ ಎಂಟು, ತೊಂಬತ್ತೆರಡು, ಎಂಬತ್ತೈದು. ಎರಡನೂರಾ ಎಂಬತ್ತೈದು. ನಗಕ್ಕ ಐದರಂಗ ಹದಿನೈದು ಕಡತಾ. ನಿವ್ವಳ ಎರಡನೂರಾ ಎಪ್ಪತ್ತು.”

ಜುನೈದನಿಗೆ ಕೇಳಿಸಿತು, ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಗಂಜ್‌ನಲ್ಲಿ ತೊಗರಿ ತೂಗಿದಾಗ ಚೀಲದ ಭಾರ, ಹಸಿ, ಮಣ್ಣು ಎಂದು ನಗಕ್ಕೆ, ಅಂದರೆ ಒಂದೊಂದು ಚೀಲಕ್ಕೆ, ಇಷ್ಟೆಂದು ಮುರಿದುಕೊಳ್ಳುವುದು ಕಡತಾ. ಹುಟ್ಟಿದಾಗಿನಿಂದ ಅವನು ಕೇಳಿದ ಶಬ್ದ.

“ಮನಷ್ಯಾರಿಗೆ ಕಡತಾ ಹಿಡದಿಯೇನು?”

“ಹಿಡೀಬೇಕಲ್ಲ? ಬಟ್ಟಿ, ಬೂಟು, ಬಂಗಾರ, ಹೊಟ್ಟಿಯೊಳಗಿನ ಊಟ. ಆ ಗುತ್ತೇದಾರ ಹೋಳಿಗಿ ಉಂಡು ಬಂದಿದ್ದ. ಅದು ಮಾಲೇನು?”

“ಹೂವಿನ ಚೀಲ?”

“ಅದು ಬಾರದಾನ, ಖಾಲಿ ಗೋಣಿ ಲೆಕ್ಕ. ಬಾರದಾನ ಯಾರು ತೂಗ್ತಾರ?” ಎಂದವನು ಮಗನ ಮುಖ ನೋಡಿ ನಿಲ್ಲಿಸಿದ. “ಇಪ್ಪತ್ತೆರಡು ಕಿಲೋ ಇರಬೇಕು, ಕಣ್ಣಳತಿ.”

ಮೂವತ್ತೇಳು ಕಿಲೋ ಹೆಚ್ಚು. ನಿಜಾಮೋದ್ದೀನನ ಕೈ ಜೇಬಿನ ಲೈಸೆನ್ಸ್ ಮುಟ್ಟಿ ಹಿಂದೆ ಬಂತು.

“ಯಾ ಅಲ್ಲಾ. ಪೋರಿ ನನ್ನ ಮಾತ ನಂಬಿ ಏರಿದ್ಳು.”

ಅವಳು ನಂಬಿದ್ದು ನಿನ್ನನ್ನಲ್ಲ, ನನ್ನನ್ನು ಎಂದು ಹೇಳಬೇಕೆನ್ನಿಸಿತು ಜುನೈದನಿಗೆ. ಅವಳ ಹೆಸರು ಹೇಳಿದವನು ತಾನು. ತಂದೆಯನ್ನು ಕರೆತಂದವನು ತಾನು. ಹೆಬ್ಬೆರಳು ಎತ್ತಿದವನೂ ತಾನೇ. ಆ ಮೂರಕ್ಕೂ ಅವನ ಹತ್ತಿರ ಒಂದು ಚೂರು ಕಾಗದ ಇರಲಿಲ್ಲ.

ಸಂಜೆ ವಿಶಾಖಾಳ ಮನೆಗೆ ಹೋಗಿ ಎಲ್ಲ ಹೇಳಿದ. ಅವಳು ಕೇಳಿ, “ಅಂದ್ರ ನಂದು ತಪ್ಪಿರಲಿಲ್ಲ,” ಅಂದಳು. ಎರಡು ದಿನದಿಂದ ಅವಳು ತಾನೇ ಏನೋ ತಪ್ಪು ಮಾಡಿದೆ ಎಂದು ಒಂದೊಂದೇ ಗಳಿಗೆಯನ್ನು ಅಗೆದು ನೋಡುತ್ತಿದ್ದಳು. ಆಮೇಲೆ ಅಂದಳು: “ಚಾಚಾನ ಹೆಸರ ತರಬ್ಯಾಡ ಭಾಯ್. ಮಂದಿ ಇದ್ರು ಅಂತಷ್ಟೇ ಹೇಳೋಣ. ಅಷ್ಟಾದ್ರ ಸಾಕು. ಏರಸ್ಕೊಂಡದ್ದಕ್ಕ ನನಗ ದಂಡ ಹಾಕ್ಲಿ, ಹಾರಸ್ಲಿಕ್ಕೆ ಬರಂಗಿಲ್ಲ ಅಂತ ಮಾತ್ರ ಬರೀಬಾರದು.”

ಗುರುವಾರ ಪ್ರವಾಸಿ ಮಂದಿರದ ಕೋಣೆಯಲ್ಲಿ ವಿಚಾರಣೆಗೆ ಬಂದ ಸಾಹೇಬರು ತೆಳ್ಳಗಿನ, ಸಿಟ್ಟಿಲ್ಲದ ಮನುಷ್ಯ. ಬೆಂಗಳೂರಿನ ಕಡೆಯ ಮಾತು.

“ವಿಮಾನದಲ್ಲಿ ನೀವು ಒಬ್ಬರೇ ಇದ್ರಿ, ಅಲ್ವಾ?”

“ಇಲ್ಲ ಸರ್. ಮೂರು ಮಂದಿ ಇದ್ರು.”

“ನೀವು ಬರೆದುಕೊಟ್ಟ ಹೇಳಿಕೆ ನೋಡಿ ಅವರಿಗೆ ನಾನೇ ಫೋನ್ ಮಾಡಿದ್ದೆ. ಆ ಹೊತ್ತಿಗೆ ಮನೆಯಲ್ಲಿ ಪೂಜೆಗೆ ಕೂತಿದ್ವಿ ಅಂದ್ರು. ಫೋಟೊ ಕಳಿಸಿದ್ದಾರೆ. ಕ್ಲಬ್ಬಿನ ಪುಸ್ತಕದಲ್ಲೂ ಒಬ್ಬರೇ ಅಂತಿದೆ.”

“ಪಟ್ಟಿ ತುಂಬ ಅವರ ಹೂವ ಚೆಲ್ಲಿತ್ತು ಸರ್.”

ಸಾಹೇಬರು ಪಟ್ಟಿಯ ಫೋಟೊ ತಿರುಗಿಸಿ ಇಟ್ಟರು. ಗುಡಿಸಿದ ಅಂಗಳದಂತಿತ್ತು. ಬಾಗಿಲ ಹತ್ತಿರ ನಿಂತಿದ್ದ ಜುನೈದ ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ನೋಡಮ್ಮ, ನಲವತ್ತೆಂಟು ಕಿಲೋದವರು ಒಬ್ಬರೇ ಕೂತರೆ ಆ ವಿಮಾನ ಅರ್ಧ ದಾರಿಗೆ ಮುಂಚೆಯೇ ಏಳಬೇಕು. ನೀವು ಬೇಲಿವರೆಗೂ ಎಬ್ಬಿಸಲಿಲ್ಲ. ಅದಕ್ಕೆ ಏನಂತ ಬರೀಲಿ?”

“ಭಾರ ಹೆಚ್ಚಿತ್ತು ಸರ್.”

“ಎಲ್ಲಿಂದ ಬಂತು ಭಾರ? ಒಬ್ಬರೇ ಇದ್ರಲ್ಲ?”

ಜುನೈದ ತಡೆಯಲಾರದೆ ಒಳಗೆ ಬಂದು, ಹೊತ್ತು ತಂದಿದ್ದ ಗೋಣಿ ಬಿಚ್ಚಿ, ಒರೆಸದೆ ಇಟ್ಟಿದ್ದ ಗಾಲಿಯನ್ನು ಮೇಜಿನ ಮೇಲೆ ಇಟ್ಟ. “ಸಾಹೇಬ್ರ, ಇದ ನೋಡ್ರಿ. ಒಂದ ಗಾಲಿ ಮ್ಯಾಲ ಗೆರಿಗೆ ತಂದು ಇಳಸ್ಯಾಳ್ರಿ. ಇಂಥಾದ್ದು ನಿಮ್ಮ ದೊಡ್ಡ ಪೈಲಟ್‌ಗೂ ಆಗಂಗಿಲ್ರಿ.”

“ನೀವ್ಯಾರು?”

“ಮೆಕ್ಯಾನಿಕ್ ರಿ.”

“ಲೈಸೆನ್ಸ್?”

“ಇಲ್ರಿ.”

“ಏನು ಓದಿದೀರಿ?”

“ಎಂಟನೇತ್ತಾ.”

ಗೋಡೆಯ ಹತ್ತಿರ ಕೂತಿದ್ದ ವಿಶ್ವಾಸರಾವ್ ಸಾಹೇಬರ ಕಡೆ ನೋಡಿ ಮೆಲ್ಲಗೆ ನಕ್ಕ. “ತಪ್ಪ ತಿಳೀಬ್ಯಾಡ್ರಿ ಸರ್. ಗಾಲಿ ಒರಸೋ ಹುಡುಗ. ಆತಗ ಹಾರಾಟದ್ದು ಏನ್ ಗೊತ್ತಾಗತದ?”

ಫೆಬ್ರುವರಿಯಲ್ಲಿ ‘ಭೇಷ್’ ಅಂದ ಅದೇ ಬಾಯಿ. ಸಾಹೇಬರು ಮಚ್ಚೆಯ ಮೇಲೆ ಬೆರಳಾಡಿಸಿ, ಬೆರಳಿಗೆ ಹತ್ತಿದ ಸುಣ್ಣವನ್ನು ಕರವಸ್ತ್ರದಿಂದ ಒರೆಸಿಕೊಂಡರು. “ಇದನ್ನ ಯಾವ ಕಾಲಮ್ಮಿನಲ್ಲಿ ಬರೀಲಿ, ಹೇಳಿ,” ಅಂದರು. ಕೇಳಿದ ದನಿಯಲ್ಲಿ ಕುಚೋದ್ಯವಿರಲಿಲ್ಲ. ಅದೇ ಹೆಚ್ಚು ಉರಿಯಿತು.

ಆಗ ಹೊರಗಿನಿಂದ, ಯಾರೂ ಕರೆಯದೆ, ನಿಜಾಮೋದ್ದೀನ ಬಂದ. ಭಾಲ್ಕಿಯಿಂದ ಮಗನಿಗೆ ಹೇಳದೆ ಅವರ ಹಿಂದೆ ಹೊರಟ ಬಸ್ಸಿಗೆ ಬಂದಿದ್ದ. ಅದೇ ಈದ್ ಹಬ್ಬದ ಅಂಗಿ.

“ತಪ್ಪು ನಂದರಿ ಸಾಬ್. ತೂಗಿದವ ನಾ. ಚೀಟಿ ಅದರಿ,” ಎಂದು ಪುಸ್ತಕ ಮುಂದಿಟ್ಟ.

ಸಾಹೇಬರು ಓದಿದರು. “ಮಾಲಿನ ಹೆಸರು: ತೊಗರಿ. ಮೂರು ನಗ. ಕಡತಾ ಹದಿನೈದು. ನಿವ್ವಳ ಎರಡನೂರಾ ಎಪ್ಪತ್ತು.”

“ತೊಗರಿ ಅಂತ ಛಾಪಿಸಿದ್ದರಿ. ಅಂಗಡಿ ಪುಸ್ತಕ. ತೂಗಿದ್ದು ಮನಷ್ಯಾರ್ನ.”

“ಮನುಷ್ಯರ ಹೆಸರು ಎಲ್ಲಿದೆ?”

“ನಗಕ್ಕ ಹೆಸರ ಯಾರು ಬರೀತಾರ್ರಿ?”

ಸಾಹೇಬರು ಪುಸ್ತಕ ಮುಚ್ಚಿ ಅವನ ಕೈಗೆ ಕೊಟ್ಟರು. “ಹಿರಿಯರೇ, ಇದರಿಂದ ಸಾಬೀತಾಗೋದು ಒಂದೇ. ನೀವು ಯಾರದೋ ತೊಗರಿಯಲ್ಲಿ ಹದಿನೈದು ಕಿಲೋ ಮುರಿದುಕೊಂಡ್ರಿ. ಹಾಗೆ ಮುರಿಯೋದು ಬಂದ್ ಆಗಿದೆ, ಗೊತ್ತಲ್ಲ? ಇದನ್ನ ತಗೊಂಡ್ರೆ ನಿಮ್ಮ ಲೈಸೆನ್ಸ್ ಹೋಗುತ್ತೆ, ಈ ಹುಡುಗಿಗೇನೂ ಉಪಯೋಗ ಆಗಲ್ಲ. ಮನೆಗೆ ಹೋಗಿ.”

“ಹೋಗ್ಲಿ ಲೈಸೆನ್ಸ್. ತಗೊಳ್ರಿ,” ಎಂದು ನಿಜಾಮೋದ್ದೀನ ಪ್ಲಾಸ್ಟಿಕ್ ಹಾಳೆ ತೆಗೆದು ಮೇಜಿನ ಮೇಲೆ ಇಟ್ಟ. ಸಾಹೇಬರು ಅದನ್ನೂ ವಾಪಸು ಮಾಡಿದರು.

ನಾಲ್ಕು ಗಂಟೆಗೆ ಬರೆದದ್ದನ್ನು ಓದಿ ಹೇಳಿದರು. ಒಬ್ಬಳೇ ಹಾರುವಾಗ ವಿಮಾನವನ್ನು ಹತೋಟಿಯಲ್ಲಿ ಇಟ್ಟುಕೊಳ್ಳುವ ಸಾಮರ್ಥ್ಯ ಸಾಲದು. ಕಲಿಯುವ ಪರವಾನಗಿ ರದ್ದು.

ಮೂವರೂ ಬೀದರದ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತರು. ಗಾಲಿ ನಡುವೆ ಇತ್ತು. ವಿಶಾಖಾ ಮಾತಾಡಿದಳು. ಅಳುವ ದನಿಯಲ್ಲ, ಲೆಕ್ಕ ಬಿಡಿಸಿದ ದನಿ.

“ಒಬ್ಬ ಸತ್ತಿದ್ರ, ವಿಮಾನದಾಗ ಇದ್ದ ಅಂತ ಬರೀತಿದ್ರು ಭಾಯ್. ಹೆಣಕ್ಕ ಹೆಸರ ಇರತದ. ನಾ ಎಲ್ಲಾರ್ನೂ ಉಳಿಸಿ ಇಳಸಿದೆ, ಅದಕ್ಕೇ ಯಾರೂ ಇರಲೇ ಇಲ್ಲ.”

ಜುನೈದನ ಫೋನ್ ಅಲುಗಿತು. ವಿಶ್ವಾಸರಾವ್.

“ಸಿಟ್ಟ ಮಾಡ್ಕೋಬ್ಯಾಡಪ್ಪ, ಅಲ್ಲಿ ಹಂಗ ಅನ್ನಬೇಕಾಗತದ. ಶನಿವಾರ ಬ್ಯಾರೆ ವಿಮಾನ ಬರ್ಲಿಕತ್ತದ. ಭಾನುವಾರ ಎರಡು ಪಾರ್ಟಿ ಅವ. ಆ ಗೌರವ ಈಗ ಹ್ಯಾಂಗ ಹಾರಸ್ತಾನ? ನಡೀತದಲ್ಲ?”

“ನಾ ಎಂಟನೇತ್ತಾ ಸಾಹೇಬ್ರ. ಗಾಲಿ ಒರಸೋ ಹುಡುಗ. ನನಗೇನ್ ಗೊತ್ತಾಗತದ್ರಿ?” ಎಂದು ಫೋನ್ ಇಟ್ಟ. ಇಟ್ಟ ಮೇಲೆ ಹೊಳೆಯಿತು: ತಾನು ಹೇಳದಿದ್ದರೂ ಗೌರವ ಏರುತ್ತಾನೆ.

ಭಾಲ್ಕಿಯ ಬಸ್ಸು ಬಂದು ಹೋಯಿತು. ಮೂವರೂ ಔರಾದಿನ ಬಸ್ಸು ಹತ್ತಿದರು.

ಗೌರವನ ಮನೆಯಲ್ಲಿ ಅವನ ತಾಯಿ ಶೇವಂತಾಬಾಯಿ ಚಹಾ ತಂದಳು. ಜುನೈದ ಮೊದಲಿನಿಂದ ಕೊನೆಯವರೆಗೂ ಹೇಳಿದ. ಹೂವು, ಕಸಬರಿಗೆ, ಕಡತಾ, ಕಾಲಮ್ಮು, ಈಗ ಬಂದ ಫೋನು. “ಭಾನುವಾರ ಏರಬ್ಯಾಡ ಗೌರವ. ಅಡ್ಡಗಾಳಿ ಸೀಜನ್ ಅದ. ನೀ ಇನ್ನಾ ಎಡಕ್ಕ ಜಾರ್ತಿ. ಮಂದಿ ಕೂತಿದ್ರ ಭಾರ ಬ್ಯಾರೆ.” ವಿಶಾಖಾ, “ಖರೇ ಹೇಳ್ಲಿಕತ್ತಾನ,” ಅಂದಳು.

ಗೌರವ ಗಾಲಿಯ ಮಚ್ಚೆಯನ್ನು ನೋಡುತ್ತ ಕೂತಿದ್ದ. ತಲೆ ಎತ್ತಿ ಕೇಳಿದ್ದು ಒಂದೇ ಮಾತು:

“ಅಂದ್ರ ವಿಶ್ವಾಸರಾವ್ ಸಾಹೇಬ್ರು ತಾವಾಗೇ ನನ್ನ ಹೆಸರ ತಗೊಂಡ್ರೇನು?”

ಜುನೈದ ಆ ಮುಖವನ್ನು ನೋಡಿದ. ಅದು ಅವನಿಗೆ ಗೊತ್ತಿದ್ದ ಮುಖ. ಕೂರು ಎಂದು ಕುರ್ಚಿ ತೋರಿಸಿದ ದಿನ ತನಗೂ ಇದ್ದದ್ದು ಅದೇ.

ಬಾಗಿಲಲ್ಲಿ ನಿಂತಿದ್ದ ಶೇವಂತಾಬಾಯಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, “ನನ್ನ ಮಗ ಮಂದಿನ ಕೂಡಸ್ಕೊಂಡು ಹಾರಸ್ತಾನಂದ್ರ ಮೊದಲ ನಾನೇ ಕೂಡ್ತೇನ್ರಿ,” ಎಂದು ನಕ್ಕಳು.

ನಿಜಾಮೋದ್ದೀನ ಅವಳನ್ನು ತಲೆಯಿಂದ ಕಾಲಿನವರೆಗೂ ನೋಡಿದ. ಗಂಜ್‌ನಲ್ಲಿ ಚೀಲ ನೋಡುವ ನೋಟ. ಆಮೇಲೆ ಜೇಬಿನಿಂದ ಪೆನ್ಸಿಲು ತೆಗೆದು, ಚೀಟಿ ಪುಸ್ತಕ ತೊಡೆಯ ಮೇಲೆ ಬಿಚ್ಚಿ, ‘ತೊಗರಿ’ ಎಂಬ ಛಾಪಿನ ಮೇಲೆ ಒತ್ತಿ ಒತ್ತಿ ಗೀರು ಹಾಕಿದ.

“ನಿಮ್ಮ ಪೂರಾ ಹೆಸರ ಹೇಳ್ರಿ ಬಾಯಿ,” ಅಂದ.